ಕೆರ್ನುನ್ನೋಸ್: ಅರ್ಧ ಕಲ್ಲಿನ ಮೇಲೆ ನಿಂತ ದೇವರ ಪ್ರಕರಣ

ತಲೆಯ ಮೇಲೆ ಸಾರಂಗದ ಕವಲು ಕೊಂಬು, ಮುಖದ ತುಂಬ ಗಡ್ಡ, ಚಕ್ಕಳಮಕ್ಕಳ ಹಾಕಿ ಕೂತ ಭಂಗಿ, ಸುತ್ತ ಕಾಡುಪ್ರಾಣಿಗಳು. ಪ್ರಾಚೀನ ಪಶ್ಚಿಮ ಯೂರೋಪಿನ ಕೆಲ್ಟಿಕ್ ಜನರ ದೇವರುಗಳ ಬಗ್ಗೆ ಸ್ವಲ್ಪ ಓದಿದವರಿಗೂ ಈ ಚಿತ್ರ ಪರಿಚಿತ. ಹೆಸರು ಕೆರ್ನುನ್ನೋಸ್. ಕಾಡಿನ ಒಡೆಯ, ಪ್ರಾಣಿಗಳನ್ನು ಕಾಯುವವನು, ಸಂಪತ್ತು ಕೊಡುವವನು, ಪಾತಾಳದ ದೊರೆ ಅಂತ ಬಿರುದುಗಳಿಗೇನೂ ಕಮ್ಮಿಯಿಲ್ಲ. ರೋಮನ್ನರ ಆಳ್ವಿಕೆಯಲ್ಲಿದ್ದ ಗಾಲ್ ಪ್ರಾಂತ್ಯದಲ್ಲಿ, ಅಂದರೆ ಈಗಿನ ಫ್ರಾನ್ಸ್ ಮತ್ತು ಅದರ ಸುತ್ತಮುತ್ತ, ಇವನಿಗೆ ಪೂಜೆ ನಡೆಯುತ್ತಿತ್ತು ಅಂತ ಪುಸ್ತಕಗಳು ಹೇಳುತ್ತವೆ.

ಇಷ್ಟೆಲ್ಲ ಹೇಳುವುದಕ್ಕೆ ಆಧಾರ ಏನು ಅಂತ ಹುಡುಕುತ್ತಾ ಹೋದರೆ ಪ್ಯಾರಿಸ್ಸಿನ ಒಂದು ಕಲ್ಲಿನ ಮುಂದೆ ಬಂದು ನಿಲ್ಲುತ್ತೇವೆ. ಆ ಕಲ್ಲು ಉಳಿದಿರುವುದು ಅರ್ಧ. ಅದರ ಮೇಲಿನ ಹೆಸರಿನ ಮೊದಲ ಅಕ್ಷರವೂ ಈಗ ಕಾಣುವುದಿಲ್ಲ. ಗ್ರೀಕ್ ಅಥವಾ ರೋಮನ್ ಲೇಖಕರಲ್ಲಿ ಒಬ್ಬರೂ ಈ ಹೆಸರನ್ನು ಎತ್ತಿಲ್ಲ. ಸೀಸರ್ ಗಾಲ್ ಜನರ ದೇವರುಗಳ ಬಗ್ಗೆ ಬರೆದಿದ್ದಾನೆ ನಿಜ. ಆದರೆ ಅವನು ಕೊಡುವುದು ಮರ್ಕ್ಯುರಿ, ಅಪೋಲೋ, ಮಾರ್ಸ್, ಜೂಪಿಟರ್, ಮಿನರ್ವಾ ಅಂತ ರೋಮನ್ ಹೆಸರುಗಳನ್ನೇ. ಸ್ಥಳೀಯರು ಏನಂತ ಕರೆಯುತ್ತಿದ್ದರು ಅನ್ನುವ ಗೋಜಿಗೇ ಹೋಗಲಿಲ್ಲ.

ಹಾಗಾದರೆ ಇಷ್ಟು ದೊಡ್ಡ ದೇವರು ಹುಟ್ಟಿಕೊಂಡಿದ್ದು ಹೇಗೆ? ಹೆಸರು ನಿಜ, ಕೊಂಬಿನ ದೇವರ ಚಿತ್ರಗಳೂ ನಿಜ. ಎರಡನ್ನೂ ಸೇರಿಸಿ ಹೊಲಿದ ಜೀವನಚರಿತ್ರೆಯನ್ನು ಮಾತ್ರ ಸ್ವಲ್ಪ ಬಿಚ್ಚಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಚರ್ಚಿನ ಅಡಿಪಾಯದಲ್ಲಿ

1710-11ರ ಹೊತ್ತಿನಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನೊಳಗೆ ಅಗೆತ ನಡೆಯುತ್ತಿತ್ತು. ಆರ್ಚ್‌ಬಿಷಪ್‌ಗಳನ್ನು ಹೂಳುವುದಕ್ಕೆ ನೆಲಮಾಳಿಗೆ ಬೇಕಾಗಿತ್ತು. ಅಗೆಯುವಾಗ ಹಳೆಯ ಗೋಡೆಯೊಂದು ಸಿಕ್ಕಿತು. ಅದರಲ್ಲಿ ಕೆತ್ತನೆ ಇರುವ ಕಲ್ಲುಗಳಿದ್ದವು. ಯಾವುದೋ ಕಾಲದಲ್ಲಿ ಒಂದು ಕಂಬವನ್ನು ಕೆಡವಿ, ಅದರ ಕಲ್ಲುಗಳನ್ನು ಗೋಡೆ ಕಟ್ಟಲು ಬಳಸಿದ್ದರು. ನಮ್ಮ ಊರುಗಳಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗುವುದಿಲ್ಲವೇ, ಹಾಗೆ. ಅಳತೆಗೆ ಸರಿಹೋಗಲಿ ಅಂತ ಕೆಲವನ್ನು ಅಡ್ಡಡ್ಡ ಕತ್ತರಿಸಿದ್ದರು. ಹೀಗಾಗಿ ಒಂದು ಕಲ್ಲು ಪೂರ್ತಿ ಉಳಿದಿದೆ, ಉಳಿದವುಗಳ ಮೇಲಿನ ಅರ್ಧ ಮಾತ್ರ ಇದೆ. ಕೆರ್ನುನ್ನೋಸ್ ಇರುವುದು ಅಂಥ ಅರ್ಧ ಕಲ್ಲಿನ ಮೇಲೆ.

ಸುದ್ದಿ ಬೇಗ ಹಬ್ಬಿತು. ಬೋದ್ಲೋ ಎಂಬ ಪಂಡಿತ 1711ರಲ್ಲೇ ಚಿತ್ರಗಳ ಸಮೇತ ವಿವರಣೆ ಅಚ್ಚು ಹಾಕಿಸಿದ. ಗಣಿತದ ಲೈಬ್ನಿಟ್ಸ್ ಕೂಡ ಈ ಚರ್ಚೆಗೆ ಕೈಹಾಕಿದ. ಆಗ ಮಾಡಿದ ಆ ನಕಲುಗಳೇ ಇವತ್ತು ನಮ್ಮನ್ನು ಕಾಪಾಡುತ್ತಿರುವುದು. ಕಲ್ಲಿನ ಮೇಲೆ ಈಗ ಕಾಣುವುದು 'ಎರ್ನುನ್ನೋಸ್' ಅಂತ ಮಾತ್ರ. ಮೊದಲ ಅಕ್ಷರ ಸವೆದುಹೋಗಿದೆ. 18ನೇ ಶತಮಾನದವರು ಅದನ್ನು ಕಂಡು ಬರೆದಿಟ್ಟಿದ್ದರಿಂದ ನಾವು 'ಕೆರ್ನುನ್ನೋಸ್' ಅನ್ನುತ್ತಿದ್ದೇವೆ. ಇದನ್ನು ಅನುಮಾನಿಸುವ ಕಾರಣ ನನಗೆ ಕಾಣುವುದಿಲ್ಲ. ಹಳೆಯ ಕೆಲ್ಟಿಕ್ ಭಾಷೆಯಲ್ಲಿ ಕೊಂಬಿಗಿದ್ದ ಪದಕ್ಕೂ ಈ ಹೆಸರಿಗೂ ನಂಟಿದೆ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಚಿತ್ರದಲ್ಲೂ ಕೊಂಬಿದೆ. ಇಲ್ಲಿಗೆ ಎಲ್ಲ ಸರಿ.

ಹಾಕಿಸಿದವರು ದೋಣಿಯವರು

ಕಂಬದ ಮೇಲಿನ ಒಕ್ಕಣೆ ಲ್ಯಾಟಿನ್‌ನಲ್ಲಿದೆ. ತಿಬೇರಿಯಸ್ ಚಕ್ರವರ್ತಿಯ ಹೆಸರು, ಆಮೇಲೆ ಎಲ್ಲರಿಗಿಂತ ಒಳ್ಳೆಯವನೂ ದೊಡ್ಡವನೂ ಆದ ಜೂಪಿಟರನಿಗೆ ಅರ್ಪಣೆ, ಕೊನೆಗೆ 'ನೌತೈ ಪರಿಸಿಯಾಕಿ', ಅಂದರೆ ಪರಿಸಿ ಕುಲದ ದೋಣಿಯವರು, ಎಲ್ಲರ ಪರವಾಗಿ ನಿಲ್ಲಿಸಿದ್ದು ಅಂತ. ತಿಬೇರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಈ ಬಗೆಯ ಕಲ್ಲಿಗೆ ಇಷ್ಟು ಖಚಿತವಾದ ಕಾಲ ಸಿಗುವುದೇ ಅಪರೂಪ. ಅಕ್ಷರಗಳಲ್ಲಿ ಸ್ಥಳೀಯ ಉಚ್ಚಾರದ ವಾಸನೆ ಇದೆ. ರೋಮ್‌ನ ಮೇಷ್ಟ್ರು ಯಾರಾದರೂ ನೋಡಿದ್ದರೆ ಒಂದೆರಡು ಕಡೆ ಕೆಂಪು ಗೀಟು ಎಳೆಯುತ್ತಿದ್ದರು.

ಈ ದೋಣಿಯವರನ್ನು ಸುಮ್ನೆ ಅಂಬಿಗರು ಅಂದುಕೊಂಡರೆ ತಪ್ಪಾದೀತು. ಸೇನ್ ನದಿಯಲ್ಲಿ ಸರಕು ಸಾಗಿಸುತ್ತಿದ್ದ ವ್ಯಾಪಾರಿಗಳ ಸಂಘ ಅದು. ಗಾಲ್‌ನ ನದಿಗಳು ಒಂದಕ್ಕೊಂದು ಎಷ್ಟು ಹತ್ತಿರ ಹರಿಯುತ್ತವೆ, ಅದರಿಂದ ಸಾಗಣೆ ಎಷ್ಟು ಸಲೀಸು ಅಂತ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಅದೇ ಕಾಲದಲ್ಲಿ ಬರೆದಿದ್ದಾನೆ. ಕಂಬ ನಿಲ್ಲಿಸುವಷ್ಟು ದುಡ್ಡು ಇವರ ಹತ್ತಿರ ಇತ್ತು. ಚಕ್ರವರ್ತಿಯ ಹೆಸರನ್ನು ಮೊದಲ ಸಾಲಲ್ಲೇ ಹಾಕಬೇಕು ಅನ್ನುವ ತಿಳಿವಳಿಕೆಯೂ ಇತ್ತು.

ಇವರ ಅಜ್ಜಂದಿರ ಕಥೆ ಬೇರೆ. ಕ್ರಿ.ಪೂ. 52ರಲ್ಲಿ ಸೀಸರನ ಸೇನಾಪತಿ ಲಬಿಯೇನಸ್ ಈ ಕಡೆ ದಂಡೆತ್ತಿ ಬಂದಾಗ, ಊರು ರೋಮನ್ನರ ಕೈಗೆ ಸಿಗಬಾರದು ಅಂತ ತಮ್ಮ ಲುಟೇಷಿಯಾಕ್ಕೆ, ಅಂದರೆ ಈಗಿನ ಪ್ಯಾರಿಸ್ಸಿಗೆ, ತಾವೇ ಬೆಂಕಿ ಇಟ್ಟು, ಸೇತುವೆಗಳನ್ನು ಮುರಿದ ಜನ ಅವರು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಮೊಮ್ಮಕ್ಕಳು ಜೂಪಿಟರನಿಗೆ ಕಂಬ ನಿಲ್ಲಿಸುತ್ತಿದ್ದಾರೆ.

ಆದರೆ ಕಂಬದಲ್ಲಿ ಜೂಪಿಟರ್ ಒಬ್ಬನೇ ಇಲ್ಲ. ಪೂರ್ತಿ ಉಳಿದ ಕಲ್ಲಿನ ನಾಲ್ಕು ಮುಖಗಳನ್ನು ಸುತ್ತಿ ನೋಡಿ. ಒಂದರಲ್ಲಿ ಜೂಪಿಟರ್. ಒಂದರಲ್ಲಿ ಬೆಂಕಿ ಕುಲುಮೆಯ ದೇವರು ವಲ್ಕನ್. ಇಬ್ಬರೂ ರೋಮನ್ನರು. ಮೂರನೆಯದರಲ್ಲಿ ಏಸುಸ್. ಕೆಲಸಗಾರನ ಬಟ್ಟೆಯಲ್ಲಿ ನಿಂತು ಮರ ಕಡಿಯುತ್ತಿದ್ದಾನೆ. ನಾಲ್ಕನೆಯದರಲ್ಲಿ ಮರದ ಹಿನ್ನೆಲೆಯಲ್ಲಿ ಒಂದು ಗೂಳಿ. ಅದರ ಬೆನ್ನ ಮೇಲೆ ಎರಡು ಕೊಕ್ಕರೆ, ತಲೆ ಮೇಲೆ ಒಂದು. ಮೇಲೆ 'ತರ್ವೋಸ್ ತ್ರಿಗರಾನುಸ್' ಅಂತ ಬರೆದಿದೆ, ಮೂರು ಕೊಕ್ಕರೆಯ ಗೂಳಿ ಅಂತ. ಗಾಲ್ ಜನರ ಏಸುಸ್, ತ್ಯುತಾತೆಸ್, ತರಾನಿಸ್ ಎಂಬ ಮೂವರು ಭಯಂಕರ ದೇವರುಗಳ ಬಗ್ಗೆ ರೋಮನ್ ಕವಿ ಲೂಕನ್ ಬರೆದಿದ್ದಾನೆ. ಇಲ್ಲಿನ ಏಸುಸ್ ನೋಡಿದರೆ ಹೆದರಿಕೆ ಏನೂ ಆಗುವುದಿಲ್ಲ. ಸೌದೆಗೆ ಹೊರಟವನ ಹಾಗೆ ಕಾಣುತ್ತಾನೆ.

ಇನ್ನೊಂದು ವಿಷಯ ನನಗೆ ಜಾಸ್ತಿ ಕುತೂಹಲ ಹುಟ್ಟಿಸುತ್ತದೆ. ಇದೇ ತಿಬೇರಿಯಸ್ ಕಾಲದಲ್ಲಿ ಗಾಲ್‌ನ ಡ್ರೂಯಿಡ್ ಪುರೋಹಿತರನ್ನು ಹತ್ತಿಕ್ಕಲಾಯಿತು ಅಂತ ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ಕ್ರಿ.ಶ. 21ರಲ್ಲಿ ಫ್ಲೋರುಸ್ ಮತ್ತು ಸಕ್ರೋವಿರ್ ಎಂಬ ಇಬ್ಬರು ಗಾಲ್‌ನಲ್ಲಿ ದಂಗೆ ಎಬ್ಬಿಸಿ ಸೋತರು. ಅಂಥ ಕಾಲದಲ್ಲಿ ಚಕ್ರವರ್ತಿಯ ಹೆಸರಿನ ಕಂಬದ ಮೇಲೆ ಊರ ದೇವರುಗಳು ರಾಜಾರೋಷವಾಗಿ, ಅದೂ ಲ್ಯಾಟಿನ್ ಅಕ್ಷರದ ಹೆಸರಿನ ಸಮೇತ ನಿಂತಿದ್ದಾರೆ. ಸರ್ಕಾರಕ್ಕೆ ತಕರಾರಿದ್ದದ್ದು ಪುರೋಹಿತರ ಜೊತೆ, ದೇವರ ಜೊತೆ ಅಲ್ಲ ಅಂತ ಕಾಣುತ್ತದೆ.

ಆ ಅರ್ಧ ಕಲ್ಲು

ಈಗ ನಮ್ಮ ಕಲ್ಲಿಗೆ ಬರೋಣ. ಇದಕ್ಕೂ ನಾಲ್ಕು ಮುಖ. ಕೆರ್ನುನ್ನೋಸ್, ಸ್ಮೆರ್ಟ್ರಿಯೋಸ್, ಕ್ಯಾಸ್ಟರ್, ಮತ್ತು ಹೆಸರು ಅಳಿಸಿದ್ದರೂ ಕ್ಯಾಸ್ಟರನ ಅವಳಿ ಪೊಲಕ್ಸ್ ಅಂತ ಧಾರಾಳವಾಗಿ ಹೇಳಬಹುದಾದ ಇನ್ನೊಬ್ಬ. ಮತ್ತೆ ಅದೇ ಲೆಕ್ಕ, ಇಬ್ಬರು ಊರಿನವರು, ಇಬ್ಬರು ರೋಮ್ ಕಡೆಯವರು. ಕಂಬ ಈಗ ಪ್ಯಾರಿಸ್ಸಿನ ಕ್ಲೂನಿ ಮ್ಯೂಸಿಯಂನಲ್ಲಿದೆ. ರೋಮನ್ ಕಾಲದ ಸ್ನಾನಗೃಹದ ತಣ್ಣೀರು ಕೋಣೆ ಹಾಗೇ ಉಳಿದಿದೆಯಲ್ಲ, ಅದರೊಳಗೆ.

ಕೆರ್ನುನ್ನೋಸ್‌ನಲ್ಲಿ ಕಾಣುವುದು ಇಷ್ಟು. ವಯಸ್ಸಾದ, ಗಡ್ಡದ ಮುಖ. ಮನುಷ್ಯನ ಮುಖಕ್ಕೆ ಪ್ರಾಣಿಯ ಕಿವಿ. ತಲೆಯಿಂದ ಎದ್ದ ಕವಲೊಡೆದ ಎರಡು ಕೊಂಬು. ಒಂದೊಂದು ಕೊಂಬಿಗೂ ಒಂದೊಂದು ಟಾರ್ಕ್ ನೇತುಹಾಕಿದ್ದಾರೆ. ಟಾರ್ಕ್ ಅಂದರೆ ಕೆಲ್ಟಿಕ್ ಜನ ಕುತ್ತಿಗೆಗೆ ಹಾಕುತ್ತಿದ್ದ ದಪ್ಪ ಲೋಹದ ಕಡಗ. ಅದು ಅಂತಸ್ತಿನ ಗುರುತು. ಭುಜದ ತನಕ ದೇಹ ಇದೆ. ಅಲ್ಲಿಗೆ ಕಲ್ಲು ಮುಗಿಯಿತು.

ಹಾಗಾದರೆ ಚಕ್ಕಳಮಕ್ಕಳ ಹಾಕಿದ್ದು ಎಲ್ಲಿಂದ ಬಂತು? ಅದು ಲೆಕ್ಕಾಚಾರ. ಅದೇ ಕಲ್ಲಿನ ಕ್ಯಾಸ್ಟರ್ ಕುದುರೆಯ ಪಕ್ಕ ನಿಂತಿದ್ದಾನೆ. ಅವನಿಗೆ ಹೋಲಿಸಿದರೆ ಕೆರ್ನುನ್ನೋಸನ ತಲೆ, ಭುಜ ತುಂಬ ದೊಡ್ಡವು. ಈ ಗಾತ್ರದವನು ನಿಂತಿದ್ದರೆ ಕಲ್ಲಿನ ಎತ್ತರ ಸಾಲುತ್ತಿರಲಿಲ್ಲ. ಆದ್ದರಿಂದ ಕೂತಿರಬೇಕು. ಬೇರೆ ಕಡೆಯ ಕೊಂಬಿನ ದೇವರುಗಳು ಕಾಲು ಮಡಚಿ ಕೂತಿದ್ದಾರಲ್ಲ, ಇವನೂ ಹಾಗೇ ಕೂತಿದ್ದ ಅಂತ ತೀರ್ಮಾನ. ಕೂತಿದ್ದ ಅನ್ನುವ ತನಕ ವಾದ ಗಟ್ಟಿಯಾಗಿದೆ. ಹೇಗೆ ಕೂತಿದ್ದ ಅನ್ನುವುದು ಬೇರೆ ಕಲ್ಲುಗಳಿಂದ ತಂದ ಸಾಲ.

ಪಕ್ಕದ ಮುಖದ ಸ್ಮೆರ್ಟ್ರಿಯೋಸ್ ಇಲ್ಲಿ ಒಳ್ಳೆಯ ಪಾಠ ಹೇಳುತ್ತಾನೆ. ಕೈಯಲ್ಲಿ ಗದೆ ಎತ್ತಿ ಹಾವಿಗೆ ಹೊಡೆಯಲು ಹೊರಟಿದ್ದಾನೆ. ಯಾರೇ ನೋಡಿದರೂ ಹರ್ಕ್ಯುಲಿಸ್ ಅನ್ನುತ್ತಾರೆ. ಆದರೆ ಮೇಲೆ 'ಸ್ಮೆರ್ಟ್' ಅಂತ ಅಕ್ಷರಗಳು ಉಳಿದಿವೆ. ಈ ಹೆಸರಿನ ದೇವರು ಜರ್ಮನಿಯ ಟ್ರಿಯರ್ ಬಳಿಯ ಶಾಸನದಲ್ಲೂ ಇದ್ದಾನೆ, ಅಲ್ಲಿ ಮಾರ್ಸ್ ಜೊತೆ ಅವನ ಹೆಸರು ಜೋಡಿಸಿದ್ದಾರೆ. ಈ ಕೆಲವೇ ಅಕ್ಷರ ಸವೆದುಹೋಗಿದ್ದರೆ ನಾವೆಲ್ಲ ಅವನನ್ನು ಹರ್ಕ್ಯುಲಿಸ್ ಅಂತ ಪಟ್ಟಿ ಮಾಡಿ ಮುಂದೆ ಹೋಗುತ್ತಿದ್ದೆವು. ಚಿತ್ರ ಒಂದು ಹೇಳುತ್ತದೆ, ಹೆಸರು ಇನ್ನೊಂದು ಹೇಳುತ್ತದೆ, ಅದೂ ಒಂದೇ ಕಲ್ಲಿನಲ್ಲಿ. ಹೀಗಿರುವಾಗ ಹೆಸರೇ ಇಲ್ಲದ ಕೊಂಬಿನ ಮೂರ್ತಿ ಕಂಡ ಕೂಡಲೇ 'ಇವನೇ ಕೆರ್ನುನ್ನೋಸ್' ಅನ್ನುವುದು ಎಷ್ಟು ಸರಿ?

ಉಳಿದ ಕೊಂಬುಗಳು

ಅಂಥ ಮೂರ್ತಿಗಳು ಬೇಕಾದಷ್ಟಿವೆ. ಫ್ರಾನ್ಸಿನ ರಾಂಸ್ ಊರಿನ ಕಲ್ಲಿನಲ್ಲಿ ಅವನು ಕಾಲು ಮಡಚಿ ಕೂತಿದ್ದಾನೆ, ಒಂದು ಪಕ್ಕ ಅಪೋಲೋ, ಇನ್ನೊಂದು ಪಕ್ಕ ಮರ್ಕ್ಯುರಿ. ಮಡಿಲಲ್ಲಿ ಚೀಲ. ಅದರಿಂದ ಕಾಳೋ ನಾಣ್ಯವೋ ಕೆಳಗೆ ಸುರಿಯುತ್ತಿದೆ, ಕೆಳಗೆ ಒಂದು ಗೂಳಿ, ಒಂದು ಸಾರಂಗ ನಿಂತಿವೆ. ಸಂಪತ್ತಿನ ದೇವರು ಅನ್ನುವ ಬಿರುದು ಬಂದದ್ದು ಇಂಥ ಕಡೆಯಿಂದ. ನೆತ್ತಿಯ ಮೇಲಿನ ತ್ರಿಕೋನದೊಳಗೆ ಒಂದು ಇಲಿಯೂ ಇದೆ. ಇಲಿ ಯಾಕೆ ಅಂತ ಬಗೆಬಗೆಯ ವಿವರಣೆ ಕೊಟ್ಟಿದ್ದಾರೆ, ಯಾವುದೂ ನನಗೆ ಸಮಾಧಾನ ತಂದಿಲ್ಲ. ಫ್ರಾನ್ಸಿನದೇ ಓತೂನ್ ಊರಿನ ಹತ್ತಿರದ ಕಂಚಿನ ಮೂರ್ತಿಯೊಂದರ ತಲೆಯಲ್ಲಿ ಎರಡು ತೂತು ಮಾತ್ರ ಇವೆ, ಕೊಂಬು ಸಿಕ್ಕಿಸುವುದಕ್ಕೆ. ಕೊಂಬು ಕಳೆದಿದೆ. ಅವನ ಜೊತೆಗಿರುವುದು ಟಗರಿನ ತಲೆಯ ಹಾವುಗಳು. ಇಟಲಿಯ ವಾಲ್ ಕಮೋನಿಕಾ ಕಣಿವೆಯ ಬಂಡೆಗಳಲ್ಲಿ ರೋಮನ್ನರು ಬರುವುದಕ್ಕೂ ಮೊದಲಿನ ಕೊಂಬಿನ ಆಕೃತಿ ಇದೆ.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಡೆನ್ಮಾರ್ಕಿನ ಗುಂಡೆಸ್ಟ್ರುಪ್ ಕೊಪ್ಪರಿಗೆ. 1891ರಲ್ಲಿ ಜೌಗು ನೆಲದಲ್ಲಿ ಸಿಕ್ಕಿದ ಬೆಳ್ಳಿಯ ಪಾತ್ರೆ, ತೂಕ ಸುಮಾರು 9 ಕೆಜಿ. ಒಳಗಿನ ಒಂದು ತಗಡಿನಲ್ಲಿ ಕೊಂಬಿನವನು ಕೂತಿದ್ದಾನೆ, ಒಂದು ಕೈಯಲ್ಲಿ ಟಾರ್ಕ್, ಇನ್ನೊಂದು ಕೈಯಲ್ಲಿ ಟಗರು ಕೊಂಬಿನ ಹಾವು, ಸುತ್ತ ಪ್ರಾಣಿಗಳು. ಪ್ರಾಣಿಗಳ ಒಡೆಯ ಅನ್ನುವ ಮಾತು ಹೆಚ್ಚಾಗಿ ನಿಂತಿರುವುದು ಈ ತಗಡಿನ ಮೇಲೆ. ಆದರೆ ಸಿಕ್ಕಿದ್ದು ಡೆನ್ಮಾರ್ಕಿನಲ್ಲಿ. ಬೆಳ್ಳಿ ಕೆಲಸದ ರೀತಿ ನೋಡಿ ಪೂರ್ವದ ಥ್ರೇಸ್ ಕಡೆ, ಅಂದರೆ ಈಗಿನ ಬಲ್ಗೇರಿಯಾದ ಸುತ್ತಮುತ್ತ, ಮಾಡಿರಬೇಕು ಅಂತ ಬಹಳ ಜನ ಹೇಳುತ್ತಾರೆ. ಪ್ಯಾರಿಸ್ಸಿನ ದೋಣಿಯವರಿಗೂ ಅದಕ್ಕೂ ಯಾವ ಸಂಬಂಧ? ಇದರ ಮೇಲೂ ಹೆಸರಿಲ್ಲ.

ಕೊಂಬು ಒಬ್ಬ ದೇವರ ಆಸ್ತಿಯೂ ಆಗಿರಲಿಲ್ಲ. ಗಾಲ್‌ನಿಂದ ಬಂದ ಪುಟ್ಟ ಕಂಚಿನ ಮೂರ್ತಿಗಳಲ್ಲಿ ಕೊಂಬಿರುವ ದೇವಿಯರೂ ಇದ್ದಾರೆ.

ಹೆಸರಿನ ಕಡೆಯಿಂದ ಹೊರಟವರದ್ದು ಇನ್ನೊಂದು ಸಾಹಸ. ಲಕ್ಸೆಂಬರ್ಗ್‌ನ ಒಂದು ಶಾಸನದಲ್ಲಿ 'ಕೆರುನಿಂಕೋ ದೇವರಿಗೆ' ಅಂತಿದೆ. ಹತ್ತಿರದ ಹೆಸರೇ. ದಕ್ಷಿಣ ಫ್ರಾನ್ಸಿನ ಮೊಂತಾಞಾಕ್‌ನಲ್ಲಿ ಗ್ರೀಕ್ ಲಿಪಿಯಲ್ಲಿ 'ಕರ್ನೋನು' ಅಂತ ಸಿಕ್ಕಿದೆ. ಇನ್ನು ರೊಮೇನಿಯಾದ ಹಳೆಯ ಚಿನ್ನದ ಗಣಿಯ ಊರು ಅಲ್ಬುರ್ನುಸ್ ಮಾಯೋರ್‌ನಲ್ಲಿ ಸಿಕ್ಕ ಮೇಣದ ಹಲಗೆಯೊಂದರಲ್ಲಿ 'ಜೂಪಿಟರ್ ಕೆರ್ನೆನುಸ್' ಹೆಸರಿನ ಸಂಘ ಬರುತ್ತದೆ. ಇದನ್ನೂ ಕೆರ್ನುನ್ನೋಸ್ ಲೆಕ್ಕಕ್ಕೆ ಹಾಕಿದವರಿದ್ದಾರೆ. ಊರ ಹೆಸರಿನಿಂದ ಬಂದ ವಿಶೇಷಣ ಇರಬಹುದು ಅನ್ನುವ ವಾದ ನನಗೆ ಹೆಚ್ಚು ಸರಿ ಅನ್ನಿಸುತ್ತದೆ.

ಆದರೂ ಆ ಹಲಗೆಯನ್ನು ಓದದೆ ಬಿಡಬಾರದು. ಅದು ಸಂಘ ಮುಚ್ಚಿದ ನೋಟಿಸು. ತಾರೀಕು ಕ್ರಿ.ಶ. 167ರ ಫೆಬ್ರವರಿ 9. 54 ಜನರಿದ್ದ ಸಂಘದಲ್ಲಿ ಈಗ ಊರಲ್ಲಿ ಉಳಿದಿರುವುದು 17 ಮಂದಿ. ಜೊತೆ ಅಧ್ಯಕ್ಷನಾಗಿದ್ದವನು ಅಧಿಕಾರ ವಹಿಸಿಕೊಂಡ ದಿನದಿಂದ ಈ ಕಡೆ ತಲೆಯನ್ನೇ ಹಾಕಿಲ್ಲ. ಯಾರೂ ಸಭೆಗೆ ಬರುವುದಿಲ್ಲ, ಚಂದಾ ಕೊಡುವುದಿಲ್ಲ. ಅಂತ್ಯಕ್ರಿಯೆಗೆ ಕೊಡಲೂ ದುಡ್ಡಿಲ್ಲ. ಆದ್ದರಿಂದ ಇನ್ನು ಮುಂದೆ ಯಾರಾದರೂ ಸತ್ತರೆ ತನಗೊಂದು ಸಂಘ ಇದೆ ಅಂತ ತಿಳಿದುಕೊಳ್ಳಬಾರದು ಅಂತ ಪದಾಧಿಕಾರಿಗಳು ಸಾರ್ವಜನಿಕವಾಗಿ ಬರೆದು ಹಾಕಿದ್ದಾರೆ. ಕೆರ್ನುನ್ನೋಸ್ ಬಗ್ಗೆ ಇದು ಏನೂ ಹೇಳುವುದಿಲ್ಲ. ದೇವರ ಹೆಸರಿನ ಸಂಘಗಳು ಹೇಗೆ ನಡೆಯುತ್ತಿದ್ದವು, ಹೇಗೆ ಮುಚ್ಚುತ್ತಿದ್ದವು ಅಂತ ಮಾತ್ರ ಚೆನ್ನಾಗಿ ಹೇಳುತ್ತದೆ.

ನಮ್ಮ ಪಶುಪತಿ ಮುದ್ರೆ

ಈ ವಿಷಯ ಬಂದಾಗ ಭಾರತದ ಓದುಗರಿಗೆ ಮೊಹೆಂಜೊದಾರೊದ ಮುದ್ರೆ ನೆನಪಾಗದೆ ಇರುವುದಿಲ್ಲ. ಕೊಂಬಿನ ತಲೆ, ಕಾಲು ಮಡಚಿದ ಭಂಗಿ, ಸುತ್ತ ಪ್ರಾಣಿಗಳು. ಪುರಾತತ್ವಜ್ಞ ಜಾನ್ ಮಾರ್ಷಲ್ 1931ರಲ್ಲಿ ಇದನ್ನು ಶಿವನ ಮೂಲರೂಪ ಅಂದರು. ಗುಂಡೆಸ್ಟ್ರುಪ್ ಕೊಪ್ಪರಿಗೆಯ ಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಎರಡೂ ಒಂದೇ ಮೂಲದ್ದು ಅನ್ನುವ ಮಾತು ಆಗಾಗ ವಾಟ್ಸಾಪಿನಲ್ಲಿ ಸುತ್ತುವುದು ಇದರಿಂದಲೇ.

ನನಗೆ ಇದು ಹಿಡಿಸುವುದಿಲ್ಲ. ಎರಡರ ನಡುವೆ ಹತ್ತಿರ ಹತ್ತಿರ 2000 ವರ್ಷಗಳ ಅಂತರ ಇದೆ. ಮುದ್ರೆಯಲ್ಲಿರುವುದು ಬಾಗಿದ ಕೋಣದ ಕೊಂಬು, ಸಾರಂಗದ್ದಲ್ಲ. ಸಾರಂಗದ ಕೊಂಬು ವರ್ಷಕ್ಕೊಮ್ಮೆ ಬಿದ್ದು ಮತ್ತೆ ಬೆಳೆಯುತ್ತದೆ, ಕೋಣದ್ದು ಹಾಗಲ್ಲ. ಪ್ರಾಣಿಗಳನ್ನು ದಿನಾ ಕಾಣುತ್ತಿದ್ದ ಜನರಿಗೆ ಎರಡೂ ಒಂದೇ ಅರ್ಥ ಕೊಟ್ಟಿರಲಾರವು. ಇನ್ನು ಕೂರುವ ಭಂಗಿ. ಗಾಲ್ ಜನ ಕುರ್ಚಿ ಬಳಸದೆ ತೋಳ, ನಾಯಿಗಳ ಚರ್ಮ ಹಾಸಿ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದರು ಅಂತ ಗ್ರೀಕ್ ಇತಿಹಾಸಕಾರ ದಿಯೊದೋರಸ್ ಬರೆದಿದ್ದಾನೆ. ನೆಲದ ಮೇಲೆ ಕೂರುವ ಜನ ತಮ್ಮ ದೇವರನ್ನೂ ನೆಲದ ಮೇಲೆ ಕೂರಿಸಿದರು. ಅದಕ್ಕೆ ಯೋಗಾಸನದ ವಿವರಣೆ ಬೇಕಿಲ್ಲ ಅಲ್ವಾ?

ಪಶ್ಚಿಮದಲ್ಲೂ ಇಂಥದ್ದೇ ಒಂದು ಅತ್ಯುತ್ಸಾಹ ನಡೆಯಿತು. ಕಲ್ಕತ್ತಾದಲ್ಲಿ ಹುಟ್ಟಿದ, ಈಜಿಪ್ಟ್ ಇತಿಹಾಸದ ವಿದ್ವಾಂಸೆ ಮಾರ್ಗರೆಟ್ ಮರ್ರೆ, ಯೂರೋಪಿನಲ್ಲಿ ಮಾಟಗಾತಿಯರು ಅಂತ ಸುಡಲ್ಪಟ್ಟವರು ನಿಜವಾಗಿ ಹಳೆಯ ಕೊಂಬಿನ ದೇವರ ಭಕ್ತರು ಅಂತ 1920-30ರ ದಶಕಗಳಲ್ಲಿ ವಾದಿಸಿದರು. ಇತಿಹಾಸಕಾರರು ಅದನ್ನು ಒಪ್ಪಲಿಲ್ಲ. ಆದರೆ 1950ರ ದಶಕದಿಂದ ಬೆಳೆದ ವಿಕ್ಕಾ ಎಂಬ ಆಧುನಿಕ ಮಾಟದ ಪಂಥ ಅದನ್ನು ಕೈಬಿಡಲಿಲ್ಲ. ಇವತ್ತು ಕೆರ್ನುನ್ನೋಸ್‌ಗೆ ದೀಪ ಹಚ್ಚುವವರು ಇದ್ದರೆ ಅದು ಈ ದಾರಿಯಿಂದ ಬಂದದ್ದು. ಅವರ ನಂಬಿಕೆ ಅವರದು. ಅದನ್ನು ಪ್ಯಾರಿಸ್ಸಿನ ಕಲ್ಲಿಗೆ ಆಧಾರವಾಗಿ ತರಬಾರದು ಅಷ್ಟೇ.

ಎದುರು ವಾದ

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಅಡ್ಡ ಬರುವ ಕಲ್ಲನ್ನೂ ತೋರಿಸಬೇಕು. ಅದು ಟ್ರಿಯರ್‌ನಲ್ಲಿದೆ, ಮರ್ಕ್ಯುರಿಗೆ ಅರ್ಪಿಸಿದ್ದು. ಅದರ ಒಂದು ಮುಖದಲ್ಲಿ ಒಬ್ಬ ಮರ ಕಡಿಯುತ್ತಿದ್ದಾನೆ. ಮರದ ಎಲೆಗಳ ನಡುವೆ ಗೂಳಿಯ ತಲೆ, ಮೂರು ಹಕ್ಕಿ. ಏಸುಸ್ ಅಂತ ಎಲ್ಲೂ ಬರೆದಿಲ್ಲ. ಆದರೂ ಇದು ಪ್ಯಾರಿಸ್ ಕಂಬದ ಎರಡು ಮುಖಗಳನ್ನು ಒಂದೇ ಚಿತ್ರದಲ್ಲಿ ಸೇರಿಸಿದ ಕಥೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಮರ, ಕಡಿಯುವವನು, ಗೂಳಿ, ಮೂರು ಹಕ್ಕಿ, ಇಷ್ಟು ವಿಚಿತ್ರ ಜೋಡಣೆ ಎರಡು ಊರಲ್ಲಿ ಆಕಸ್ಮಿಕವಾಗಿ ಬರಲಾರದು. ಹೆಸರಿಲ್ಲದೆಯೂ ಚಿತ್ರ ಮಾತಾಡಬಲ್ಲದು ಅಂತಾಯಿತು.

ಕೆರ್ನುನ್ನೋಸ್ ಪಕ್ಷದವರೂ ಇದೇ ದಾರಿ ಹಿಡಿಯುತ್ತಾರೆ. ಕೊಂಬು, ಟಾರ್ಕ್, ಮಡಚಿದ ಕಾಲು, ಟಗರು ತಲೆಯ ಹಾವು, ಸುರಿಯುವ ಚೀಲ ಮತ್ತೆ ಮತ್ತೆ ಒಟ್ಟಿಗೆ ಬರುತ್ತವೆ. ಇವೆಲ್ಲ ಒಂದು ಕುಟುಂಬದ ಚಿತ್ರಗಳು ಅನ್ನುವುದನ್ನು ನಾನೂ ಒಪ್ಪುತ್ತೇನೆ. ತೊಡಕಿರುವುದು ಹೆಸರಿಡುವ ಜಾಗದಲ್ಲಿ. ಏಸುಸ್ ವಿಷಯದಲ್ಲಿ ಹೆಸರಿರುವ ಕಲ್ಲಿನಲ್ಲೇ ಇಡೀ ದೃಶ್ಯ ಇದೆ. ಕೆರ್ನುನ್ನೋಸ್ ಹೆಸರಿರುವ ಕಲ್ಲಿನಲ್ಲಿ ಕೊಂಬು ಮತ್ತು ಟಾರ್ಕ್ ಮಾತ್ರ ಉಳಿದಿವೆ. ಹಾವು, ಚೀಲ, ಗೂಳಿ, ಸಾರಂಗ, ಕಾಲು ಎಲ್ಲವೂ ಹೆಸರಿಲ್ಲದ ಕಲ್ಲುಗಳಿಂದ ಬಂದವು. ಅವುಗಳಿಗೆ ಇಲ್ಲಿಂದ ಹೆಸರು ಕೊಟ್ಟು, ಅವುಗಳಿಂದ ಇಲ್ಲಿಗೆ ಕಾಲು ತರುತ್ತಿದ್ದೇವೆ.

ಆದ್ದರಿಂದ ರಾಂಸ್ ಕಲ್ಲಿಗೂ ಗುಂಡೆಸ್ಟ್ರುಪ್ ತಗಡಿಗೂ 'ಸಾರಂಗ ಕೊಂಬಿನ ದೇವರು' ಅಂತ ಚೀಟಿ ಅಂಟಿಸಿದರೆ ಸಾಕು. ಕಂಬದ ಕಳೆದುಹೋದ ಕೆಳಗಿನ ಅರ್ಧ ಎಲ್ಲಾದರೂ ಸಿಕ್ಕಿ, ಅದರಲ್ಲಿ ಮಡಚಿದ ಕಾಲೂ ಮಡಿಲಲ್ಲೊಂದು ಚೀಲವೂ ಇದ್ದರೆ, ಚೀಟಿ ಬದಲಾಯಿಸುವುದಕ್ಕೆ ನನ್ನ ಅಭ್ಯಂತರ ಇಲ್ಲ.